ಡೋಣಿಯ ಪೂಲು ಮತ್ತು ಕಾಕಾನ ಅಂಜಿಕೆ

ಕಬ್ಬಿಣ ಸುಡುವ ವಾಸನೆ ನಿಮಗೆ ಸೇರಲಿಕ್ಕಿಲ್ಲ, ನನಗೂ ಸೇರದು. ಆದರೂ ಮೊನ್ನೆ ಚಿಗವ್ವನನ್ನು ವಿಜಯಪುರದಿಂದ ಕಾಖಂಡಕಿಗೆ ಕಾರಿನಲ್ಲಿ ಕರೆದೊಯ್ಯುವಾಗ, ಡೋಣಿ ಹೊಳೆಯ ಹತ್ತಿರ ಆ ವಾಸನೆ ಬಂದದ್ದೇ ಕಿಟಕಿಯ ಗಾಜು ಇಳಿಸಿದೆ. ಹೆದ್ದಾರಿಯ ಹಳೆಯ ಕಬ್ಬಿಣದ ಸೇತುವೆಯನ್ನು, ನಮ್ಮ ಕಡೆಯ ಮಂದಿ ಪೂಲು ಎನ್ನುವುದನ್ನು, ಗ್ಯಾಸಿನಿಂದ ಕತ್ತರಿಸುತ್ತಿದ್ದರು.

ಅದನ್ನು ಯಾರು ಕಟ್ಟಿಸಿದರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಬಲ್ಲ ಚರಿತ್ರೆ ಅದು ಅಲುಗಾಡತೊಡಗಿದ ಮೇಲಿನದು. ಆಗ ಬಸ್ಸು ಈಚೆ ದಂಡೆಯಲ್ಲೇ ನಿಲ್ಲುತ್ತಿತ್ತು. ಕಂಡಕ್ಟರ್ ಎಲ್ಲರನ್ನೂ ಇಳಿಸಿ ನಡೆಸುತ್ತಿದ್ದ. ಖಾಲಿ ಬಸ್ಸು ಖಡಖಡ ಎನ್ನುತ್ತ ಹಿಂದಿನಿಂದ ಬರುತ್ತಿತ್ತು. ಬುತ್ತಿಗಂಟು, ಕೋಳಿ, ಕೂಸು ಎಲ್ಲ ಕೈಯಲ್ಲೇ. ನಮ್ಮ ಅಜ್ಜಿ ಬದಿಯ ಕಬ್ಬಿಣ ಹಿಡಿದು ಹೆಜ್ಜೆ ಇಡುತ್ತ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದಳು.

ಮುಂದೆ ಪೂಲು ದುರಸ್ತಿಯಾಯಿತು. ಬಸ್ಸು ಮಂದಿಯನ್ನು ತುಂಬಿಕೊಂಡೇ ದಾಟತೊಡಗಿತು. ಎಲ್ಲರಿಗೂ ಸಂತೋಷ, ನಮ್ಮ ಕಾಕಾನೊಬ್ಬನನ್ನು ಬಿಟ್ಟು. ಅಜ್ಜಿಯ ಕಿರಿಮಗ, ಚಿಗವ್ವನ ಗಂಡನಾದ ಈತ ಸೊಕ್ಕಿದ ಎತ್ತಿಗೂ ಮೂಗುದಾರ ಹಾಕುವ ಆಳು. ಪೂಲು ಬಂದೊಡನೆ ಮಾತ್ರ ಕಂಡಕ್ಟರನಿಗೆ ಕೈಮುಗಿದು, ಅಂಜಿಕೆಯಾಗುತ್ತದೆ, ಇಳಿಸಿರಿ ಎನ್ನುತ್ತಿದ್ದ. ಗಂಡ ಇಳಿದ ಮೇಲೆ ಹೆಂಡತಿ ಕೂತಿರುವುದು ಹೇಗೆ? ಚಿಗವ್ವನೂ ಇಳಿಯುತ್ತಿದ್ದಳು. ಆಚೆ ದಂಡೆಯಲ್ಲಿ ಬಸ್ಸು ಅವರಿಗಾಗಿ ಕಾಯುತ್ತಿತ್ತು, ಒಳಗೆ ಮಂದಿ ನಗುತ್ತಿತ್ತು. ಹಲ್ಲಿ ಕಂಡರೆ ಮಂಚ ಹತ್ತುವ ನಾನೂ ನಗುತ್ತಿದ್ದೆ. ಕಡೆಯವರೆಗೂ ಊರಲ್ಲಿ ಅವನ ಹೆಸರು ಅಂಜುಬುರುಕ ಎಂದೇ ಉಳಿಯಿತು.

ಕಾಕಾ ತೀರಿಕೊಂಡು ವರ್ಷವಾಗುತ್ತ ಬಂತು. ಈಗಿನದು ಕಾಂಕ್ರೀಟಿನ ಹೊಸ ಸೇತುವೆ. ಹಳೆಯ ಪೂಲಿನ ಮುಂದೆ ಅವನಿಗಾಗಿ ಕಾರು ನಿಲ್ಲಿಸುತ್ತಿದ್ದ ರೂಢಿಯಿಂದ ಮೊನ್ನೆ ಹೊಸದರ ಮುಂದೆಯೂ ನಿಲ್ಲಿಸಿ, ಕಾಕಾ ಇದ್ದಿದ್ದರೆ ಇದಕ್ಕೂ ಅಂಜುತ್ತಿದ್ದ ಎಂದೆ.

"ಅವರೆಲ್ಲಿ ಅಂಜತಿದ್ರೋ ಯಪ್ಪಾ," ಎಂದಳು ಚಿಗವ್ವ. "ಮನ್ಯಾಗ ಅತ್ತಿ-ಮಾವನ ಮುಂದ ನಾವಿಬ್ಬರೂ ಮಾತಾಡೂಹಂಗ ಇರಲಿಲ್ಲ. ಪೂಲಿನ ಮ್ಯಾಲ ಅತ್ತಿ ಹಿಂದ ಉಳೀತಿದ್ರು, ನಾವು ಮುಂದ ಹೋಗಿ ಮಾತಾಡತಿದ್ವಿ. ರಿಪೇರಿ ಆದಮ್ಯಾಲ ಅದೂ ನಿಂತಿತು. ಅದಕ್ಕ ಅಂಜಿಕಿ ಅಂತ ಸುಳ್ಳ ಹೇಳಿದ್ರು."

ಮಂದಿ ನಗುವುದು ಅವನಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಗೊತ್ತಿತ್ತಂತೆ. ಅದರ ಬಗ್ಗೆಯೂ ಪೂಲಿನ ಮೇಲೆ ಇಬ್ಬರೂ ಮಾತಾಡಿ ನಕ್ಕಿದ್ದರಂತೆ.

ಇಳಿಯುತ್ತೀಯೇನು ಎಂದು ಅವಳ ಕಡೆಯ ಬಾಗಿಲು ತೆರೆಯಲು ಹೋದೆ.

"ಬ್ಯಾಡ, ನಡಿ," ಎಂದಳು. "ಒಬ್ಬಾಕಿ ಇಳದು ಯಾರ ಕೂಡ ಮಾತಾಡ್ಲಿ?"

ಮೊದಲ ಗೇರಿನಲ್ಲೇ, ನಡೆಯುವವರ ವೇಗದಲ್ಲಿ, ಸೇತುವೆ ದಾಟಿದೆ. ಹಿಂದಿನ ಲಾರಿಗಳು ಹಾರ್ನ್ ಹೊಡೆದವು. ನಾನು ಅವಸರ ಮಾಡಲಿಲ್ಲ.