ಸುಳ್ಳಿನ ಹದಿನೆಂಟು

“ಅಕ್ಕಾರ, ನನ್ನ ಮಗನ್ನ ಮತ್ತ ಸಣ್ಣಾಂವನ್ನ ಮಾಡ್ಲಿಕ್ಕ ಹೇಳ್ರಿ ಇವ್ರಿಗೆ!”

ಮುಂಬೈಯ ಕೋರ್ಟಿನ ವರಾಂಡದಲ್ಲಿ ನಾನು ಫೋನಿನಲ್ಲಿ ಆಡುತ್ತಿದ್ದ ಕನ್ನಡ ಕೇಳಿದ ಆ ತಾಯಿ, ತನ್ನ ವಕೀಲರನ್ನು ತೋರಿಸುತ್ತ ನನ್ನ ಕೈ ಹಿಡಿದುಕೊಂಡಳು. ವಿಜಯಪುರದ ಕಡೆಯವಳು, ಜೋಗೇಶ್ವರಿಯಲ್ಲಿ ಕಟ್ಟಡ ಕೆಲಸ. ಹದಿನಾರರ ಮಗನಿಗೂ ಅಲ್ಲೇ ಕೂಲಿ ಸಿಗಲೆಂದು ಆಳುಗಳನ್ನು ಗೊತ್ತುಮಾಡುವ ಮುಕಾದಮನ ಮುಂದೆ, ಅವನಿಗೆ ಹದಿನೆಂಟು ದಾಟಿದೆ ಎಂದಿದ್ದಳು. ಕಳವಿನ ಗುಮಾನಿಯಲ್ಲಿ ಅವನನ್ನು ಹಿಡಿದಾಗ, ಸುಳ್ಳು ಬಯಲಾದೀತೆಂದು ಹೆದರಿ ಪೊಲೀಸರಿಗೂ ಅದನ್ನೇ ಹೇಳಿದಳು. ಹುಡುಗ ದೊಡ್ಡವರ ಜೈಲು ಸೇರಿದ.

ಅವಳ ಮಾತನ್ನು ವಕೀಲರಿಗೆ ಹಿಂದಿಯಲ್ಲಿ ತಿಳಿಸಿದೆ. ಊರಿನ ಶಾಲೆಯಿಂದ ವಯಸ್ಸಿನ ದಾಖಲೆ ತಂದರೆ ಪ್ರಕರಣವನ್ನು ಬಾಲನ್ಯಾಯ ಮಂಡಳಿಗೆ ಕಳಿಸಲು ಕೇಳಬಹುದು ಎಂದರು. ಅವಳಿಗೆ ಅಷ್ಟು ಸಾಲಲಿಲ್ಲ.

“ಅಲ್ಲೀತನಕ ಜೇಲಿನ್ಯಾಗ ರಾತ್ರಿ ಲೈಟ್ ಹಚ್ಚಿರ್ತಾರೇನ್ರಿ? ಕತ್ತಲಂದ್ರ ಅಂಜ್ತಾನ್ರಿ ಅಂವ.”

ಸಯನ್‌ನ ನಮ್ಮ ಮನೆಯಲ್ಲಿ, ಮಲಗಿರುವ ಮಗನ ಕೋಣೆಯ ದೀಪ ಆರಿಸಲು ಹೋದಾಗ ಈಗಲೂ ಕೈ ತಡೆಯುತ್ತದೆ.