ಅಬೊಸೆದೆ ಕಟ್ಟಿದ್ದು, ಕೊಲಾಪೊ ಹೆಸರಾದದ್ದು

ಇಬಾದಾನ್ ಊರಿನ ನಮ್ಮ ಕಂಪ್ಯೂಟರ್ ಸಂಘದಲ್ಲಿ ಅಬೊಸೆದೆ ಏಳು ವರ್ಷ ದುಡಿದಳು. ಶಾಲೆಗಳ ಹಳೇ ಕಂಪ್ಯೂಟರುಗಳಿಗಾಗಿ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದೆವು. ಆಜ್ಞೆ ಕೇಳಿಸಿಕೊಳ್ಳುವ ಭಾಗ, ಕಡತ ತೆರೆಯುವ ಭಾಗ, ಮುದ್ರಿಸುವ ಭಾಗ, ನಮ್ಮ ಯೊರುಬಾ ಭಾಷೆಯ ಅಕ್ಷರಗಳ ಕೀಲಿಮಣೆ, ಎಲ್ಲ ಅವಳದೇ ಕೆಲಸ. ಕರ್ನಲ್ ಮಾತ್ರ ಸಂಘದ ಇನ್ನೊಬ್ಬ ಸದಸ್ಯ ಕೊಲಾಪೊನ ಪಾಲು. ಯಂತ್ರದ ಮೆಮೊರಿ, ಡಿಸ್ಕುಗಳನ್ನು ಉಳಿದೆಲ್ಲ ಭಾಗಗಳಿಗೂ ಹಂಚಿಕೊಡುವ ಒಳಗಿನ ತಿರುಳು ಅದು. ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಆ ಮಹಾಶಯ ಅದನ್ನೂ ಬರೆದವನಲ್ಲ. ಜಗತ್ತಿಗೆಲ್ಲ ಬಿಟ್ಟಿ ಸಿಗುವ ಕರ್ನಲ್ ತಂದು ನಾಲ್ಕು ಸಾಲು ತಿದ್ದಿದ್ದ.

ಸಿಸ್ಟಂ ಮುಗಿದ ಎಂಟನೇ ದಿನ, ನಮ್ಮಲ್ಲಿ ಕೂಸಿಗೆ ಮಾಡುವಂತೆಯೇ ನಾಮಕರಣ ಇಟ್ಟುಕೊಂಡೆವು. ಎಲ್ಲರ ನಾಲಿಗೆಗೆ ಹಚ್ಚುವ ಜೇನು, ಉಪ್ಪು, ಶಾಸ್ತ್ರಕ್ಕೆ ಕಡಿಯುವ ಕೋಲಾ ಕಾಯಿ ಬಂದವು. ಸಿಸ್ಟಂ ಯಾರದೆಂದು ತೀರ್ಮಾನವಾಗುತ್ತದೋ ಅವರಿಗೇ ಶಿಕ್ಷಣ ಕಚೇರಿಯಲ್ಲಿ ಕೆಲಸ. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಯ ಮೂಲೆಯಲ್ಲಿ ಬಿದ್ದಿದ್ದ ಅಬೊಸೆದೆಗೆ ಆ ಕೆಲಸ ಬೇಕೇ ಬೇಕಿತ್ತು.

ನಮ್ಮಲ್ಲಿ ಹೆಸರಿಡುವವರು ಹಿರಿಯರು. ಹಿರಿಯರಾದ ಬಾಬಾ ಅಕಿನ್‌ಯೆಲೆಗೆ ಕಂಪ್ಯೂಟರಿನ ಗಂಧಗಾಳಿಯೂ ಇಲ್ಲ. ಅವರು ಕೇಳಿದ್ದು ಒಂದೇ ಮಾತು: "ಇದರಪ್ಪ ಯಾರು?"

"ನಾನೇ ಬಾಬಾ," ಎಂದು ಕೊಲಾಪೊ ಉದ್ದಂಡ ಅಡ್ಡಬಿದ್ದ. "ಕರ್ನಲ್ ನಂದು. ಕರ್ನಲ್ ಅಂದ್ರೇನೇ ಸಿಸ್ಟಂ. ಅಕ್ಕ ಮಾಡಿರೋದು ಮೇಲಿನ ಬಟ್ಟೆಬರೆ ಅಷ್ಟೆ."

"ಹಂಗಾ ತಮ್ಮಾ? ಒಲೆ ಹಚ್ಚಿದವ್ನು ಅಡುಗೆಯೆಲ್ಲಾ ನಂದೇ ಅಂದಂಗಾಯ್ತು," ಎಂದಳು ಅಬೊಸೆದೆ. "ಬಟ್ಟೆ ಬಿಚ್ತೀನಿ ತಡಿ. ನಿನ್ ಕೂಸು ಅದೆಂಗೆ ಓಡಾಡುತ್ತೋ ಬಾಬಾನೂ ನೋಡ್ಲಿ."

ಎಲ್ಲರೆದುರೇ ತನ್ನ ಭಾಗಗಳನ್ನೆಲ್ಲ ಅಳಿಸಿ ಯಂತ್ರ ಚಾಲೂ ಮಾಡಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು. ಮುಂದೆ ನಡೆಸಲು ಏನೂ ಸಿಗದೆ ಕರ್ನಲ್ ಅಲ್ಲೇ ನಿಂತುಬಿಟ್ಟಿತು. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಅವಳು ಗೆದ್ದಿದ್ದಳು.

ಅಯ್ಯೋ, ಗೆದ್ದದ್ದು ಯಾರಿಗೆ ತಿಳಿಯಬೇಕು? ಬಾಬಾ ಕಂಡದ್ದು ಇಷ್ಟೇ: ಚೆನ್ನಾಗಿದ್ದ ಯಂತ್ರವನ್ನು ಇವಳು ಮುಟ್ಟಿದಳು, ಅದು ಸತ್ತಿತು. "ನಾಮಕರಣದ ದಿನವೇ ಕೂಸಿನ ಕತ್ತು ಹಿಸುಕಿದ್ಯಲ್ಲೇ," ಎಂದರು. ಕೊಲಾಪೊ ತನ್ನ ಬಳಿಯಿದ್ದ ಪ್ರತಿಯನ್ನು, ಅವಳ ಕೆಲಸವೆಲ್ಲ ತುಂಬಿದ್ದ ಪ್ರತಿಯನ್ನು, ಮತ್ತೆ ಹಾಕಿದ. ಯಂತ್ರ ಎದ್ದಿತು. ಚಪ್ಪಾಳೆ ಬಿತ್ತು. ಸಿಸ್ಟಂಗೆ ಕೊಲಾಪೊ ಎಂದೇ ಹೆಸರಾಯಿತು, ಕಚೇರಿಯ ಕೆಲಸವೂ ಅವನದಾಯಿತು. ನಿಜ ಗೊತ್ತಿದ್ದ ನಾನು ನಾಲಿಗೆಗೆ ಹಚ್ಚಿದ್ದ ಜೇನು ಚಪ್ಪರಿಸುತ್ತ ಕೂತಿದ್ದೆ. ಥೂ ನನ್ನ ಜನ್ಮಕ್ಕೆ.

ಸಂಘ ಅವಳನ್ನು ಹೊರಗಟ್ಟಿತು. ಈಗ ಸಾಂಗೊ ಮಾರುಕಟ್ಟೆಯಲ್ಲಿ ಅಲಸಂದೆ ರುಬ್ಬಿ ಮೊಯಿಮೊಯಿ ಕಡುಬು ಬೇಯಿಸಿ ಮಾರುತ್ತಾಳೆ. ಹೋದ ವಾರ ಮಗಳನ್ನು ಸೇರಿಸಲು ನಾನು ಮೇಷ್ಟ್ರಾಗಿರುವ ಶಾಲೆಗೇ ಬಂದಳು. ಗುಮಾಸ್ತೆ ಮಗಳ ಹೆಸರನ್ನು ಕಂಪ್ಯೂಟರಿನಲ್ಲಿ ಯೊರುಬಾದಲ್ಲಿ ಒತ್ತಿ, ಮುದ್ರಿಸಿ, ಅಬೊಸೆದೆಯ ಕೈಗಿತ್ತಳು.

"ಎಷ್ಟು ಚೆಂದ ಬರುತ್ತೆ ನೋಡಮ್ಮಾ. ಕೊಲಾಪೊ ಸಾಹೇಬ್ರು ಮಾಡಿದ್ದು. ನಿಮ್ಮಂಥೋರಿಗೆ ಇದೆಲ್ಲ ಎಲ್ಲಿ ತಿಳೀಬೇಕು, ಬಿಡು."

ಅಬೊಸೆದೆ ತಿರುಗಿ ನನ್ನ ಮುಖ ನೋಡಿದಳು. ಪಕ್ಕದ ತರಗತಿಯ ಬಾಗಿಲಲ್ಲಿ ನಿಂತಿದ್ದ ನಾನು ಹಾಜರಿ ಪುಸ್ತಕ ತೆರೆದು ಮಕ್ಕಳ ಹೆಸರು ಕೂಗತೊಡಗಿದೆ.