ಬ್ರಾಕೆಟ್‌ಗಳಿಗೆ ಹೆಸರಿಡಿಸಿದ ಮೇಡಂ

"ಕಂಪ್ಯೂಟರ್ ಅಂದ್ರೆ ಪರದೆ ನೋಡೋ ಕೆಲ್ಸ. ಕಣ್ಣಿಲ್ಲದ ಹುಡ್ಗಿಗೆ ಅದು ಆಗೋದಲ್ಲ ಮಾರಾಯ್ತಿ" ಎಂದು ನಮ್ಮ ಅವ್ವನಿಗೆ ಹೇಳಿದವರು ಬಾಳೂರಿನ ಎಸ್ಟೇಟಿನ ರೈಟರು. ಹಾಜರಿ ಬರೆಯುವವರಿಗೆ ಎದುರಾಡುವ ರೂಢಿ ನಮ್ಮ ಕೂಲಿಲೈನಿನಲ್ಲಿ ಇರಲಿಲ್ಲ. ಅವ್ವ ಎದುರಾಡಲೂ ಇಲ್ಲ. ನನ್ನನ್ನು ಕರೆದುಕೊಂಡು ಹೋಗಿ ಚಿಕ್ಕಮಗಳೂರಿನ ಕಾಲೇಜಿಗೆ ಸೇರಿಸಿದಳು.

ಅಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಮೇಡಂ ಮಾತಿಗೆ ಮುಂಚೆ ಉಂಗುರದಿಂದ ಮೇಜಿನ ಮೇಲೆ ಟಕ್ ಟಕ್ ಎನಿಸುತ್ತಿದ್ದರು, ಬಂದವರು ಯಾರೆಂದು ನನಗೆ ತಿಳಿಯಲಿ ಅಂತ. ಹುಡುಗರು ಗಲಾಟೆ ಮಾಡಿದರೆ ಅದೇ ಸದ್ದು ಜೋರಾಗುತ್ತಿತ್ತು. ಬೈಯಲು ಅವರಿಗೆ ಬರುತ್ತಿರಲಿಲ್ಲ.

ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರನ್ನು ಅವರೇ ಎಲ್ಲಿಂದಲೋ ತರಿಸಿ ಹಾಕಿದರು. ಆದರೆ ಪ್ರೋಗ್ರಾಮಿನ ಸಾಲುಗಳು ಒಂದರೊಳಗೊಂದು ಕೂತಿರುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುವುದಿಲ್ಲ. ಒಳಗೊಳಗಿನ ಭಾಗಗಳು ಮುಚ್ಚುವ ಕಡೆ ಆ ಸಾಫ್ಟ್‌ವೇರು ಬರೀ "ಬ್ರಾಕೆಟ್, ಬ್ರಾಕೆಟ್, ಬ್ರಾಕೆಟ್" ಎನ್ನುತ್ತಿತ್ತು. ಯಾವುದು ಯಾವುದನ್ನು ಮುಚ್ಚಿತೋ ಗೊತ್ತಾಗದೆ ಒಂದು ದಿನ ಅತ್ತೇಬಿಟ್ಟೆ.

"ತೋಟದಲ್ಲಿ ಎಲ್ಲಿದ್ದೀ ಅಂತ ನಿಂಗೆ ಹ್ಯಾಗೆ ಗೊತ್ತಾಗತ್ತೆ?" ಎಂದರು ಮೇಡಂ.

"ಪ್ರತಿ ಬ್ಲಾಕಿಗೂ ಹೆಸ್ರಿದೆ ಮೇಡಂ. ಗೇಟು ದಾಟುವಾಗ ಅವ್ವ ಹೇಳ್ತಾಳೆ, ಹಲಸಿನ ಬ್ಲಾಕ್ ಮುಗೀತು, ಕೆರೆ ಬ್ಲಾಕ್ ಮುಗೀತು ಅಂತ."

"ಹಾಗಾದ್ರೆ ಇಲ್ಲೂ ಹೇಳ್ಸು."

ಅಂದಿನಿಂದ ಮುಚ್ಚುವ ಬ್ರಾಕೆಟ್ಟಿನ ಪಕ್ಕದಲ್ಲೆಲ್ಲ, ಕಂಪ್ಯೂಟರು ಲೆಕ್ಕಕ್ಕೆ ಹಿಡಿಯದ ಟಿಪ್ಪಣಿಯಾಗಿ, ತೋಟದ ಒಂದೊಂದು ಬ್ಲಾಕಿನ ಹೆಸರು ಬರೆದೆ. ಇಂದು ಸಂಬಳಕ್ಕೆ ಬರೆಯುವ ಕೋಡಿನಲ್ಲೂ ಹಾಗೇ ಬರೆಯುತ್ತೇನೆ.

ಕೊನೆಯ ವರ್ಷದ ಪ್ರಾಕ್ಟಿಕಲ್‌ಗೆ ಹೊರಗಿನಿಂದ ಬಂದ ಪರೀಕ್ಷಕರು ಆ ಹೆಸರುಗಳನ್ನು ಕಾಪಿ ಹೊಡೆಯುವ ಗುರುತು ಎಂದುಕೊಂಡರು. "ಹಲಸು, ಕೆರೆ... ಏನಮ್ಮ ಇದು? ಫೇಲ್ ಮಾಡ್ಬೇಕಾಗತ್ತೆ." ಫೇಲಾದರೆ ಮತ್ತೆ ಓದಿಸುವ ಶಕ್ತಿ ಅವ್ವನಿಗಿರಲಿಲ್ಲ.

ಟಕ್ ಟಕ್.

"ಸರ್, ಇದರದ್ದೇ ಇನ್ನೊಂದು ಪ್ರತಿ, ಹೆಸರೆಲ್ಲ ಅಳಿಸಿದೀನಿ. ಇವಳ ಹಾಗೆ ಕಣ್ಮುಚ್ಚಿ ಕೇಳಿ. ಒಳಗಿನ ಲೂಪ್ ಎಲ್ಲಿ ಮುಗೀತು ಹೇಳಿ."

ಅವರು ಹೆಡ್‌ಫೋನ್ ಹಾಕಿಕೊಂಡರು. "ಇನ್ನೊಂದ್ಸಲ ಹಾಕಿ" ಎಂದರು. ಆಮೇಲೆ, "ಇದ್ರಲ್ಲಿ ದಾರಿನೇ ಸಿಗಲ್ವಲ್ರೀ!"

"ಹೆಸರಿದ್ರೆ ಅವಳಿಗೆ ಸಿಗತ್ತೆ. ಏನಾದ್ರೂ ಬದಲಾಯಿಸೋಕೆ ಹೇಳಿ ನೋಡಿ."

ಹೇಳಿದರು. ನಾನು ನೇರ ಕೆರೆ ಬ್ಲಾಕಿಗೆ ಹೋಗಿ ಸಾಲು ತಿದ್ದಿ ಪ್ರೋಗ್ರಾಂ ಓಡಿಸಿದೆ. ಉತ್ತರ ಸರಿ ಬಂತು. ಪಾಸಾದೆ.

ನಮ್ಮ ಮನೆತನದ ಮೊದಲ ಪದವಿ ಪತ್ರವನ್ನು ಮೇಡಂ ಕೈಯಿಂದಲೇ ತೆಗೆದುಕೊಂಡು ಅವ್ವನಿಗೆ ಕೊಟ್ಟೆ. ಅವ್ವನಿಗೆ ಓದು ಬರುವುದಿಲ್ಲ. ಕಾಗದ ಸವರಿದ ಸದ್ದು ಕೇಳಿಸಿತು, ಆಮೇಲೆ ಅವಳ ದನಿ:

"ಇದನ್ನೂ ಒಂಚೂರು ಮಾತಾಡ್ಸಿ ಮೇಡಂ."